ಹಳೆಯ ಮಿಲ್ಲಿಂಗ್ ಮೆಷಿನ್‌ಗೆ ಹೊಸ ಕೈ

ಐವತ್ತು ಅಲ್ಯೂಮಿನಿಯಂ ಬ್ರಾಕೆಟ್‌ಗಳ ಒಂದು ಜಾಬ್ ಇದೆ ಎಂದುಕೊಳ್ಳಿ. ಪ್ರತಿ ಬ್ರಾಕೆಟ್‌ಗೂ ಆರು ಟೂಲ್ ಬೇಕು. ಮೇಲ್ಮೈ ಸಪಾಟು ಮಾಡಲು ಫೇಸ್ ಮಿಲ್, ಅಂಚಿಗೂ ಪಾಕೆಟ್‌ಗೂ ಎಂಡ್ ಮಿಲ್, ತೂತಿನ ಜಾಗ ಹಿಡಿಯಲು ಸೆಂಟರ್ ಡ್ರಿಲ್, ಆಮೇಲೆ ಡ್ರಿಲ್, ಟ್ಯಾಪ್, ಕೊನೆಗೆ ಚಾಂಫರ್. ಅಲ್ಲಿಗೆ ಮುನ್ನೂರು ಸಲ ಟೂಲ್ ಬದಲಾಯಿಸಬೇಕು. ಸ್ಪಿಂಡಲ್ ನಿಲ್ಲಿಸಿ, ಟೂಲನ್ನು ಎಳೆದು ಹಿಡಿಯುವ ಮೇಲಿನ ಡ್ರಾಬಾರ್‌ಗೆ ಸ್ಪ್ಯಾನರ್ ಹಾಕಿ ಸಡಿಲಿಸಿ, ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟು ಹಳೆಯದನ್ನು ಇಳಿಸಿ, ಟೇಪರ್ ಒರೆಸಿ, ಹೊಸದನ್ನು ಏರಿಸಿ ಬಿಗಿದು, ಝಡ್ ಎತ್ತರ ಮತ್ತೆ ಹೊಂದಿಸಲು ಒಂದೂವರೆ ನಿಮಿಷ ಸಾಕು ಎಂದರೂ ಒಟ್ಟು ಏಳೂವರೆ ಗಂಟೆ. ಹೆಚ್ಚುಕಡಿಮೆ ಒಂದು ಪೂರ್ತಿ ಶಿಫ್ಟ್ ಲೋಹ ಕತ್ತರಿಸದೆ, ಟೂಲ್ ಇಳಿಸಿ ಏರಿಸುವುದರಲ್ಲೇ ಮುಗಿಯುತ್ತದೆ.

ಅನುಭವಿ ಆಪರೇಟರ್ ಇದಕ್ಕೊಂದು ಉಪಾಯ ಮಾಡುತ್ತಾನೆ. ಒಂದು ಟೂಲ್ ಹಾಕಿ ಐವತ್ತೂ ತುಂಡುಗಳಿಗೆ ಆ ಕೆಲಸ ಮುಗಿಸುತ್ತಾನೆ, ಆಮೇಲೆ ಎರಡನೆಯ ಟೂಲ್ ಹಾಕುತ್ತಾನೆ. ಟೂಲ್ ಬದಲಿಸುವ ಸಮಯ ಉಳಿಯುತ್ತದೆ, ಆದರೆ ಪ್ರತಿ ತುಂಡನ್ನೂ ಆರು ಸಲ ವೈಸ್‌ಗೆ ಕಟ್ಟಿ ಬಿಚ್ಚಬೇಕಾಗುತ್ತದೆ. ಪ್ರತಿ ಸಲ ಕಟ್ಟುವಾಗಲೂ ಒಂದಿಷ್ಟು ಮೈಕ್ರಾನ್ ಅತ್ತಿತ್ತ ಆಗಿ, ಕೊನೆಯಲ್ಲಿ ತೂತು ಒಂದು ಕಡೆ, ಪಾಕೆಟ್ ಇನ್ನೊಂದು ಕಡೆ ವಾಲುತ್ತವೆ. ಸಮಯ ಉಳಿಸಲು ಹೋಗಿ ಅಳತೆ ಕೆಡುತ್ತದೆ.

ಸ್ವಂತ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ ಇದ್ದೂ ಟೂಲನ್ನು ಕೈಯಲ್ಲೇ ಬದಲಿಸುವ ಪ್ರತಿಯೊಬ್ಬ ಶೆಡ್ ಮಾಲೀಕನಿಗೂ ಆಟೊಮ್ಯಾಟಿಕ್ ಟೂಲ್ ಚೇಂಜರ್, ಅಂದರೆ ಎಟಿಸಿ, ಒಂದಲ್ಲ ಒಂದು ದಿನ ತಲೆಗೆ ಹೊಕ್ಕೇ ಹೊಗುತ್ತದೆ. ಹೊಸ ಮೆಷಿನಿಂಗ್ ಸೆಂಟರ್ ಕೊಳ್ಳುವಷ್ಟು ಬಂಡವಾಳ ಎಲ್ಲರ ಬಳಿ ಇರುವುದಿಲ್ಲ. ಇರುವ ಮೆಷಿನ್‌ನ ಎರಕದ ಮೈ ಗಟ್ಟಿಯಾಗಿದೆ, ಬಾಲ್ ಸ್ಕ್ರೂ ಚೆನ್ನಾಗಿದೆ, ಕಂಟ್ರೋಲರ್ ಮಾತು ಕೇಳುತ್ತದೆ. ಅದಕ್ಕೇ ಒಂದು ಎಟಿಸಿ ಹಾಕಿಸಿದರಾಯಿತಲ್ಲ ಎಂಬ ಲೆಕ್ಕಾಚಾರದಲ್ಲಿ ಫೋನ್ ಕರೆ ಹೊರಡುತ್ತದೆ.

‘ಸಾರ್, ನಮ್ ಮೆಷಿನ್‌ಗೆ ಎಟಿಸಿ ಹಾಕಿಸ್ಬೇಕು. ಎಷ್ಟಾಗುತ್ತೆ?’

‘ಸ್ಪಿಂಡಲ್ ಟೇಪರ್ ಯಾವ್ದು? ಡ್ರಾಬಾರ್ ಕೈಯಲ್ಲಿ ಬಿಗಿಯೋದಾ, ಪವರ್ ಇದೆಯಾ? ಸ್ಪಿಂಡಲ್ ಓರಿಯೆಂಟೇಶನ್ ಆಗುತ್ತಾ? ಕಂಟ್ರೋಲರ್‌ನಲ್ಲಿ ಎಷ್ಟು ಇನ್‌ಪುಟ್ ಖಾಲಿ ಇದೆ?’

ಎಷ್ಟೋ ಕರೆಗಳು ಇಲ್ಲಿಗೇ ನಿಂತುಬಿಡುತ್ತವೆ. ಕೇಳಿದವರು ಬೆಲೆ ತಿಳಿಯಲು ಫೋನ್ ಮಾಡಿದ್ದರು. ಉತ್ತರಿಸಬೇಕಾದವರಿಗೆ ಮೊದಲು ಮೆಷಿನ್ ಗೊತ್ತಾಗಬೇಕಿತ್ತು. ಎಟಿಸಿ ರೆಟ್ರೋಫಿಟ್‌ಗೆ, ಅಂದರೆ ಇರುವ ಮೆಷಿನ್‌ಗೇ ಅದನ್ನು ಜೋಡಿಸುವ ಕೆಲಸಕ್ಕೆ, ನೆರವು ಸಿಗುವುದೂ ಸಿಗದಿರುವುದೂ ಬಹುಪಾಲು ಈ ನಾಲ್ಕು ಪ್ರಶ್ನೆಗಳ ಉತ್ತರದ ಮೇಲೆ ನಿಂತಿದೆ. ಆಪರೇಟರ್‌ನ ಕೈ, ಕಣ್ಣು, ಕಿವಿ ಇಷ್ಟು ವರ್ಷ ಸದ್ದಿಲ್ಲದೆ ಮಾಡುತ್ತಿದ್ದ ಪರೀಕ್ಷೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಮೆಷಿನ್‌ಗೆ ಒಪ್ಪಿಸುವುದೇ ಈ ಕೆಲಸದ ತಿರುಳು. ತಿರುಗುವ ಚಕ್ರ, ಚಾಚುವ ತೋಳು ಅದರ ಹೊರಗಿನ ಭಾಗ ಮಾತ್ರ.

ಮಿಲ್ವಾಕಿಯ ಮೊದಲ ಹೆಜ್ಜೆ

ಅಂಕಿಗಳಿಂದ ಮೆಷಿನ್ ನಡೆಸುವ ಯೋಚನೆ ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಮೊಳೆಯಿತು. ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿಯ ಜಾನ್ ಪಾರ್ಸನ್ಸ್, ಹೆಲಿಕಾಪ್ಟರ್ ರೆಕ್ಕೆಗಳ ವಕ್ರರೇಖೆಯನ್ನು ಕರಾರುವಾಕ್ಕಾಗಿ ಕತ್ತರಿಸುವ ದಾರಿ ಹುಡುಕುತ್ತಿದ್ದರು. ಆ ಹುಡುಕಾಟ ಅಮೆರಿಕದ ವಾಯುಪಡೆಯ ಹಣ ಮತ್ತು ಎಂಐಟಿಯ ಸರ್ವೋಮೆಕ್ಯಾನಿಸಂ ಪ್ರಯೋಗಾಲಯವನ್ನು ಒಂದುಗೂಡಿಸಿತು. 1952ರಲ್ಲಿ ಸಿನ್ಸಿನಾಟಿ ಕಂಪನಿಯ ಹೈಡ್ರೋಟೆಲ್ ಮಿಲ್ಲಿಂಗ್ ಮೆಷಿನ್ ಮೂರು ಅಕ್ಷಗಳಲ್ಲಿ ಅಂಕಿಗಳ ಆಣತಿಯಂತೆ ಚಲಿಸಿತು. ಗಮನಿಸಬೇಕಾದ ಸಂಗತಿಯೊಂದಿದೆ. ಜಗತ್ತಿನ ಮೊದಲ ಅಂಕಿ ನಿಯಂತ್ರಿತ ಮಿಲ್ಲಿಂಗ್ ಮೆಷಿನ್ ಕೂಡ ಒಂದು ರೆಟ್ರೋಫಿಟ್ಟೇ. ಮಾರುಕಟ್ಟೆಯಲ್ಲಿ ಇದ್ದ ಮೆಷಿನ್‌ಗೇ ಹೊಸ ನಿಯಂತ್ರಣ ಜೋಡಿಸಲಾಗಿತ್ತು.

ಮೆಷಿನ್ ತಾನಾಗಿ ಚಲಿಸುವುದನ್ನು ಕಲಿತರೂ ಟೂಲ್ ಬದಲಿಸಲು ಮನುಷ್ಯನೇ ಬೇಕಿತ್ತು. ಆ ಕೊರತೆ ತುಂಬಿದ್ದು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯ ಕೀರ್ನಿ ಅಂಡ್ ಟ್ರೆಕರ್ ಕಂಪನಿ. 1958ರಲ್ಲಿ ಅದು ಹೊರತಂದ ಮಿಲ್ವಾಕಿ-ಮ್ಯಾಟಿಕ್, ಟೂಲ್‌ಗಳನ್ನು ತನ್ನ ಮ್ಯಾಗಜೀನ್‌ನಿಂದ ತಾನೇ ಎತ್ತಿ ಸ್ಪಿಂಡಲ್‌ಗೆ ಹಾಕಿಕೊಳ್ಳುತ್ತಿತ್ತು. ಮಿಲ್ಲಿಂಗ್, ಡ್ರಿಲ್ಲಿಂಗ್, ಬೋರಿಂಗ್, ಟ್ಯಾಪಿಂಗ್ ಎಲ್ಲವೂ ಒಂದೇ ಕಟ್ಟುವಿಕೆಯಲ್ಲಿ ಮುಗಿಯತೊಡಗಿದವು. ಇಂದು ಮೆಷಿನಿಂಗ್ ಸೆಂಟರ್ ಎಂದು ಕರೆಯುವ ವರ್ಗ ಹುಟ್ಟಿದ್ದೇ ಹೀಗೆ. ಈ ತಂತ್ರದ ಬೆಲೆ ಎಷ್ಟೆಂದು ಉದ್ಯಮಕ್ಕೆ ಬೇಗ ತಿಳಿಯಿತು. ಟೂಲ್ ಚೇಂಜರ್ ಪೇಟೆಂಟ್ ವಿಚಾರವಾಗಿ ಕೀರ್ನಿ ಅಂಡ್ ಟ್ರೆಕರ್ ಮತ್ತು ಅದೇ ರಾಜ್ಯದ ಗಿಡ್ಡಿಂಗ್ಸ್ ಅಂಡ್ ಲೂಯಿಸ್ ನಡುವೆ ಎದ್ದ ವ್ಯಾಜ್ಯ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯದವರೆಗೂ ಹೋಯಿತು.

ತೊಡಕು ಇರುವುದು ಸ್ಪಿಂಡಲ್ ಒಳಗೆ

ಎಟಿಸಿ ಎಂದಕೂಡಲೇ ಎಲ್ಲರ ಕಣ್ಣು ಹೋಗುವುದು ಮ್ಯಾಗಜೀನ್ ಕಡೆಗೆ. ಅದರಲ್ಲಿ ಮುಖ್ಯವಾಗಿ ಮೂರು ಬಗೆ. ಗುಂಡಗೆ ತಿರುಗುತ್ತ ಸ್ಪಿಂಡಲ್ ಅಡಿಗೆ ಬಂದು ನಿಲ್ಲುವ ಛತ್ರಿ ಮಾದರಿ, ಎರಡು ತುದಿಯ ತೋಳಿನಿಂದ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಅದಲುಬದಲು ಮಾಡುವ ಆರ್ಮ್ ಮಾದರಿ, ಟೇಬಲ್ಲಿನ ಒಂದು ಬದಿಯಲ್ಲಿ ಸಾಲಾಗಿ ಕವೆಗಳನ್ನು ನಿಲ್ಲಿಸಿ ಸ್ಪಿಂಡಲ್ಲೇ ಅಲ್ಲಿಗೆ ಹೋಗುವಂತೆ ಮಾಡುವ ರ‍್ಯಾಕ್ ಮಾದರಿ. ಕೊನೆಯದು ಎಲ್ಲಕ್ಕಿಂತ ಸರಳ. ಅದಕ್ಕೆ ಪ್ರತ್ಯೇಕ ಮೋಟಾರೇ ಬೇಡ. ಆದರೆ ಟೇಬಲ್ ಮೇಲಿನ ಜಾಗ ತಿನ್ನುತ್ತದೆ, ಚಿಪ್ಸ್ ಮತ್ತು ಕೂಲೆಂಟ್ ಎರಚಲು ನೇರವಾಗಿ ಅದರ ಮೇಲೇ ಬೀಳುತ್ತದೆ.

ಮ್ಯಾಗಜೀನ್ ಯಾವುದೇ ಇರಲಿ, ಟೂಲನ್ನು ಹಿಡಿಯುವ ಮತ್ತು ಬಿಡುವ ಕೆಲಸ ನಡೆಯುವುದು ಸ್ಪಿಂಡಲ್ ಒಳಗೆ. ಬಿಟಿ-40, ಬಿಟಿ-30 ಮುಂತಾದ ಹೋಲ್ಡರ್‌ಗಳ ಟೇಪರ್ 24 ಮಿ.ಮೀ. ಉದ್ದಕ್ಕೆ 7 ಮಿ.ಮೀ. ವ್ಯಾಸ ಕಿರಿದಾಗುವ ಲೆಕ್ಕದ್ದು. ಬಿಟಿ-40ರ ಅಗಲದ ತುದಿ 44.45 ಮಿ.ಮೀ., ಬಿಟಿ-30ರದ್ದು 31.75 ಮಿ.ಮೀ. ಲೇತ್‌ನ ಟೇಲ್‌ಸ್ಟಾಕ್‌ನಲ್ಲಿ ಕೂರುವ ಮೋರ್ಸ್ ಟೇಪರ್ ತೀರಾ ಚೂಪಾಗಿರುವುದರಿಂದ ತಟ್ಟಿದರೆ ತಾನಾಗಿ ಕಚ್ಚಿಕೊಳ್ಳುತ್ತದೆ. ಏಳಕ್ಕೆ ಇಪ್ಪತ್ನಾಲ್ಕರ ಈ ಟೇಪರ್ ಹಾಗಲ್ಲ. ಸುಮಾರು ಹದಿನಾರೂವರೆ ಡಿಗ್ರಿ ತೆರೆದುಕೊಂಡಿರುವ ಇದು ಎಳೆಯುವವರು ಇಲ್ಲದಿದ್ದರೆ ಕೆಳಗೆ ಜಾರುತ್ತದೆ. ಬೇಗ ಬಿಡಬೇಕಾದ ಟೂಲ್‌ಗೆ ಅದೇ ಗುಣ ಬೇಕು. ಆದ್ದರಿಂದ ಹಿಡಿತದ ಭಾರವೆಲ್ಲ ಡ್ರಾಬಾರ್ ಮೇಲೆ ಬೀಳುತ್ತದೆ.

ಆ ಎಳೆತ ಕೊಡುವುದು ಡಿಸ್ಕ್ ಸ್ಪ್ರಿಂಗ್‌ಗಳ ಸಾಲು. ನಡುವೆ ತೂತಿರುವ, ತುಸು ಬಟ್ಟಲಾಗಿ ಬಾಗಿದ ಉಕ್ಕಿನ ಬಿಲ್ಲೆಗಳಿವು. ಊಟದ ತಟ್ಟೆಗಳನ್ನು ಒಂದರೊಳಗೊಂದು ಪೇರಿಸಿದಂತೆ ಒಂದೇ ದಿಕ್ಕಿಗೆ ಇಟ್ಟರೆ ಬಲ ಹೆಚ್ಚುತ್ತದೆ. ಒಂದು ಮೊಗಚಿ ಒಂದು ಮಲಗಿಸಿ ಇಟ್ಟರೆ ಚಲನೆಯ ದೂರ ಹೆಚ್ಚುತ್ತದೆ. ಬಿಟಿ-40 ಸ್ಪಿಂಡಲ್‌ನಲ್ಲಿ ಈ ಸಾಲು ಸಾವಿರ ಕಿಲೋಗ್ರಾಂ ಆಸುಪಾಸಿನ ಬಲದಿಂದ ಹೋಲ್ಡರ್ ತುದಿಯ ಪುಲ್ ಸ್ಟಡ್ಡನ್ನು ಮೇಲಕ್ಕೆ ಎಳೆದು ಹಿಡಿದಿರುತ್ತದೆ. ಟೂಲ್ ಬಿಡಿಸಬೇಕೆಂದರೆ ಅದಕ್ಕಿಂತ ಹೆಚ್ಚಿನ ಬಲದಿಂದ ಮೇಲಿನಿಂದ ಒತ್ತಬೇಕು.

ಮೊದಲ ದೊಡ್ಡ ಲೆಕ್ಕ ಬರುವುದು ಇಲ್ಲೇ. ನೂರು ಮಿ.ಮೀ. ಬೋರಿನ ಏರ್ ಸಿಲಿಂಡರ್‌ನ ವಿಸ್ತೀರ್ಣ ಸುಮಾರು 78.5 ಚದರ ಸೆಂಟಿಮೀಟರ್. ಆರು ಬಾರ್ ಒತ್ತಡದಲ್ಲಿ ಅದು ಕೊಡುವ ಬಲ ಹೆಚ್ಚೆಂದರೆ 480 ಕಿಲೋಗ್ರಾಂ. ಬಿಟಿ-30ರ ಹಗುರ ಸ್ಪಿಂಡಲ್‌ಗೆ ಇದು ಸಾಕಾದೀತು, ಬಿಟಿ-40ಕ್ಕೆ ಅರ್ಧವೂ ಆಗದು. ಆದ್ದರಿಂದಲೇ ಎರಡು ಮೂರು ಪಿಸ್ಟನ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಟ್ಯಾಂಡೆಮ್ ಸಿಲಿಂಡರ್, ಇಲ್ಲವೇ ಗಾಳಿಯ ಒತ್ತಡವನ್ನು ಎಣ್ಣೆಯ ಮೂಲಕ ಹಲವು ಪಟ್ಟು ಮಾಡುವ ಬೂಸ್ಟರ್ ಬೇಕಾಗುತ್ತದೆ. ಕಂಪ್ರೆಸರ್ ಗೇಜ್ ಆರು ಬಾರ್ ತೋರಿಸುತ್ತಿದ್ದರೂ ಪೈಪಿನ ಕೊನೆಯಲ್ಲಿರುವ ಮೆಷಿನ್‌ಗೆ ನಾಲ್ಕೂವರೆ ಬಾರ್ ಬಂದರೆ ಅದೇ ಸಿಲಿಂಡರ್ ಬಲ 360 ಕಿಲೋಗ್ರಾಂಗೆ ಇಳಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಟೂಲ್ ಚೇಂಜ್, ಎಲ್ಲ ಮೆಷಿನ್‌ಗಳೂ ಓಡುವ ಮಧ್ಯಾಹ್ನದ ಹೊತ್ತಿಗೆ ತಡವರಿಸುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಅಪಾಯ ಬೇರಿಂಗ್‌ನದು. ಸಾವಿರ ಕಿಲೋಗೂ ಮೀರಿದ ಬಲದಿಂದ ಡ್ರಾಬಾರನ್ನು ಮೇಲಿನಿಂದ ಒತ್ತಿದರೆ ಆ ಹೊರೆ ನೇರವಾಗಿ ಸ್ಪಿಂಡಲ್ ಬೇರಿಂಗ್‌ಗಳ ಮೇಲೆ ಕೂರುತ್ತದೆ. ದಿನಕ್ಕೆ ನೂರಾರು ಸಲ ಹೀಗಾದರೆ ಗುಂಡುಗಳು ತಮ್ಮ ಓಟದ ದಾರಿಯಲ್ಲಿ ಸಣ್ಣ ಕುಳಿಗಳನ್ನು ಮೂಡಿಸುತ್ತವೆ. ಬೇರಿಂಗ್ ಸದ್ದು ಮಾಡತೊಡಗುತ್ತದೆ, ಫಿನಿಶ್ ಕೆಡುತ್ತದೆ. ಇದಕ್ಕೆ ಬಲ್ಲವರು ಹೇಳುವ ಪರಿಹಾರ ತೇಲುವ ಸಿಲಿಂಡರ್. ಸಿಲಿಂಡರನ್ನು ಹೆಡ್‌ಗೆ ಬಿಗಿಯಾಗಿ ಕೂರಿಸದೆ, ಸ್ಪಿಂಡಲ್‌ನ ಮೇಲ್ತುದಿಯ ಕಾಲರನ್ನೇ ಅದು ಹಿಡಿದುಕೊಂಡು ಡ್ರಾಬಾರನ್ನು ಒತ್ತುವಂತೆ ಮಾಡುತ್ತಾರೆ. ಆಗ ಒತ್ತುವ ಬಲವೂ ಎಳೆಯುವ ಬಲವೂ ಸ್ಪಿಂಡಲ್‌ನೊಳಗೇ ಒಂದನ್ನೊಂದು ತೀರಿಸಿಕೊಳ್ಳುತ್ತವೆ, ಬೇರಿಂಗ್‌ಗೆ ಪೆಟ್ಟಿಲ್ಲ.

ಕೈಯಿಂದ ಬಿಗಿಯುವ ಹಳೆಯ ಮೆಷಿನ್‌ಗಳಲ್ಲಿ ಕೆಲಸ ಇನ್ನೂ ಆಳಕ್ಕೆ ಇಳಿಯುತ್ತದೆ. ನಮ್ಮ ಟೂಲ್ ರೂಮ್‌ಗಳಲ್ಲಿ ದಶಕಗಳಿಂದ ದುಡಿಯುತ್ತಿರುವ ಐಎಸ್‌ಒ-40 ಮೆಷಿನ್‌ಗಳ ಟೇಪರ್ ಕೋನ ಬಿಟಿ-40ರದ್ದೇ. ಅಷ್ಟಕ್ಕೇ ಅರ್ಧ ಕೆಲಸ ಮುಗಿದಂತೆ ಎಂದುಕೊಳ್ಳುವವರಿದ್ದಾರೆ. ಆದರೆ ಆ ಸ್ಪಿಂಡಲ್‌ನ ನಡುವಿನ ತೂತು ಒಂದು ಉದ್ದ ಬೋಲ್ಟ್ ಹಾದುಹೋಗುವಷ್ಟು ಮಾತ್ರ ಅಗಲ. ಡಿಸ್ಕ್ ಸ್ಪ್ರಿಂಗ್ ಸಾಲಿಗೂ ಪುಲ್ ಸ್ಟಡ್ ಹಿಡಿಯುವ ಗ್ರಿಪ್ಪರ್‌ಗೂ ಜಾಗವಿಲ್ಲ. ಹದಗೊಳಿಸಿದ ಉಕ್ಕಿನ ಸ್ಪಿಂಡಲನ್ನು ಬಿಚ್ಚಿ ಒಳಗೆ ಬೋರ್ ಮಾಡಿ, ಟೇಪರನ್ನು ಮತ್ತೆ ಗ್ರೈಂಡ್ ಮಾಡಿ, ಬ್ಲೂ ಹಚ್ಚಿ ಕೂರುವಿಕೆ ನೋಡಿ, ರನ್‌ಔಟ್ ಅಳೆಯುವುದು ಒಳ್ಳೆಯ ಗ್ರೈಂಡಿಂಗ್ ಶಾಪ್ ಮಾತ್ರ ಮಾಡಬಲ್ಲ ಕೆಲಸ. ಹಲವರಿಗೆ ಇದಕ್ಕಿಂತ ಪೂರ್ತಿ ಸ್ಪಿಂಡಲ್ ಕಾರ್ಟ್ರಿಜ್ ಬದಲಿಸುವುದೇ ಅಗ್ಗವೆನಿಸುತ್ತದೆ. ಹಳೆಯ ಹೋಲ್ಡರ್‌ಗಳೂ ಉಪಯೋಗಕ್ಕೆ ಬರುವುದಿಲ್ಲ. ಮ್ಯಾಗಜೀನ್‌ನ ಬೆರಳು ಹಿಡಿಯಲು ಬೇಕಾದ ವಿ ಆಕಾರದ ಕಾಡಿ ಅವುಗಳ ಕೊರಳಲ್ಲಿ ಇರುವುದಿಲ್ಲ.

ಅಮೆರಿಕದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇದೇ ಸಮಸ್ಯೆಗೆ ಬೇರೊಂದು ದಾರಿ ಕಂಡುಕೊಂಡರು. ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್‌ನಲ್ಲಿ 1938ರಲ್ಲಿ ಹುಟ್ಟಿದ ಬ್ರಿಡ್ಜ್‌ಪೋರ್ಟ್ ಮೆಷಿನ್ ಮತ್ತು ಅದರ ಅನುಕರಣೆಗಳಲ್ಲಿ ಬಳಕೆಗೆ ಬಂದದ್ದು ಆರ್8 ಟೇಪರ್. ಅದಕ್ಕೆ ಪುಲ್ ಸ್ಟಡ್ ಇಲ್ಲ, ಹೋಲ್ಡರ್ ಹೊರಬರಲು ತುಂಬ ಕೆಳಗಿಳಿಯಬೇಕು. ವಿಸ್ಕಾನ್ಸಿನ್‌ನ ಟಾರ್ಮಾಕ್ ಕಂಪನಿ ಮುಕ್ಕಾಲು ಇಂಚಿನ ಆರ್8 ಕೋಲೆಟ್ಟನ್ನು ಸ್ಪಿಂಡಲ್‌ನಲ್ಲೇ ಕಾಯಂ ಆಗಿ ಬಿಟ್ಟು, ನೇರ ಶ್ಯಾಂಕಿನ ಹೋಲ್ಡರ್‌ಗಳನ್ನು ಅದರೊಳಗೆ ಹಾಕಿ ತೆಗೆಯುವ ವ್ಯವಸ್ಥೆ ಮಾಡಿತು. ಕೋಲೆಟ್ ಸ್ವಲ್ಪ ಸಡಿಲಾದರೆ ಸಾಕು, ಹೋಲ್ಡರ್ ಕಳಚುತ್ತದೆ. ಹೋಲ್ಡರ್‌ನ ಭುಜ ಸ್ಪಿಂಡಲ್ ಮೂತಿಗೆ ತಾಗಿ ಕೂರುವುದರಿಂದ ಎತ್ತರವೂ ಪ್ರತಿ ಸಲ ಒಂದೇ. ಇಲ್ಲಿ ಹಿಡಿತ ಇರುವುದು ಬರೀ ಘರ್ಷಣೆಯಿಂದ. ಭಾರೀ ಕಟ್ ಕೊಟ್ಟರೆ ಹೋಲ್ಡರ್ ಕೆಳಗೆ ಜಾರುವ ಸಾಧ್ಯತೆ ಇರುತ್ತದೆ. ಹಗುರ ಕೆಲಸದ ಮೆಷಿನ್‌ಗೆ ಅದು ಒಪ್ಪುವ ವ್ಯವಸ್ಥೆ.

ಸೆನ್ಸರ್‌ಗೆ ಒಪ್ಪಿಸುವ ಕೆಲಸ

ಆಪರೇಟರ್ ಟೂಲ್ ಬಿಗಿಯುವಾಗ ಏನೇನು ಗಮನಿಸುತ್ತಾನೆ ಎಂದು ಪಟ್ಟಿ ಮಾಡಿದರೆ ಎಟಿಸಿಯ ವಿದ್ಯುತ್ ನಕ್ಷೆ ಅರ್ಧ ಸಿದ್ಧವಾದಂತೆ. ಸ್ಪಿಂಡಲ್ ಪೂರ್ತಿ ನಿಂತಿದೆಯೇ? ಟೇಪರ್‌ನಲ್ಲಿ ಚಿಪ್ಸ್ ಇದೆಯೇ? ಟೂಲ್ ಕೊನೆಯವರೆಗೂ ಏರಿತೇ? ಡ್ರೈವ್ ಕೀ ಅದರ ಕಾಡಿಯಲ್ಲಿ ಕೂತಿತೇ? ಬಿಗಿ ಸಾಕಷ್ಟು ಬಂತೇ? ಇದಷ್ಟನ್ನೂ ಅವನು ಯೋಚಿಸದೆ ಮಾಡುತ್ತಾನೆ. ಮೆಷಿನ್‌ಗೆ ಪ್ರತಿಯೊಂದಕ್ಕೂ ಒಂದು ಸೆನ್ಸರ್, ಒಂದು ವಾಲ್ವ್, ಇಲ್ಲವೇ ಪ್ರೋಗ್ರಾಂನಲ್ಲಿ ಒಂದು ಸಾಲು ಬೇಕು.

ಡ್ರಾಬಾರ್ ಒಂದಕ್ಕೇ ಮೂರು ಸ್ಥಿತಿಗಳಿವೆ. ಕೆಳಗೆ ಒತ್ತಿದೆ, ಟೂಲ್ ಬಿಟ್ಟಿದೆ. ಮೇಲೆ ಬಂದಿದೆ, ಟೂಲ್ ಹಿಡಿದಿದೆ. ಇನ್ನೂ ಮೇಲೆ ಹೋಗಿದೆ, ಗ್ರಿಪ್ಪರ್‌ನಲ್ಲಿ ಏನೂ ಇಲ್ಲ. ಖರ್ಚು ಉಳಿಸಲು ಎರಡೇ ಸೆನ್ಸರ್ ಹಾಕುವವರಿದ್ದಾರೆ. ಆಗ ಟೂಲ್ ಇಲ್ಲದ ಸ್ಪಿಂಡಲನ್ನೂ ಮೆಷಿನ್ ‘ಬಿಗಿದಿದೆ’ ಎಂದೇ ತಿಳಿಯುತ್ತದೆ. ಮ್ಯಾಗಜೀನ್‌ನ ಬೆರಳಿನಿಂದ ಟೂಲ್ ಸರಿಯಾಗಿ ಕಳಚದೆ ಅಲ್ಲೇ ಉಳಿದಿದ್ದರೆ ಮುಂದಿನ ಚಲನೆಯಲ್ಲಿ ಏನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮೂರನೆಯ ಪ್ರಾಕ್ಸಿಮಿಟಿ ಸೆನ್ಸರ್‌ನ ಬೆಲೆ ಒಂದು ಮುರಿದ ಮ್ಯಾಗಜೀನ್‌ನ ಮುಂದೆ ಏನೂ ಅಲ್ಲ.

ಡ್ರೈವ್ ಕೀಗಳದು ಇನ್ನೊಂದು ಅಧ್ಯಾಯ. ಬಿಟಿ-40 ಸ್ಪಿಂಡಲ್ ಮೂತಿಯಲ್ಲಿ ಎದುರುಬದುರಾಗಿ ಎರಡು ಕೀಗಳಿರುತ್ತವೆ, ಹೋಲ್ಡರ್‌ನಲ್ಲಿ ಅವಕ್ಕೆ ಸರಿಹೊಂದುವ ಸುಮಾರು 16 ಮಿ.ಮೀ. ಅಗಲದ ಕಾಡಿಗಳು. ಸ್ಪಿಂಡಲ್ ಪ್ರತಿ ಸಲವೂ ಅದೇ ಕೋನದಲ್ಲಿ ನಿಂತರೆ ಮಾತ್ರ ಎರಡೂ ಕೂಡುತ್ತವೆ. ಎಂ19 ಆಜ್ಞೆ ಕೊಟ್ಟರೆ ಸರ್ವೋ ಸ್ಪಿಂಡಲ್ ಈ ಕೆಲಸವನ್ನು ಸಲೀಸಾಗಿ ಮಾಡುತ್ತದೆ. ಸಾಧಾರಣ ಇಂಡಕ್ಷನ್ ಮೋಟಾರ್ ಮತ್ತು ಅದರ ವೇಗ ಬದಲಿಸುವ ವಿಎಫ್‌ಡಿ ಇರುವ ಮೆಷಿನ್‌ಗೆ ಎನ್‌ಕೋಡರ್ ಬೇಕು, ಆ ಎನ್‌ಕೋಡರ್ ಓದಿ ಸ್ಥಾನ ಹಿಡಿಯಬಲ್ಲ ಡ್ರೈವ್ ಬೇಕು. ಎನ್‌ಕೋಡರ್ ಮೋಟಾರ್ ಮೇಲಿದ್ದು ಬೆಲ್ಟ್‌ನ ಅನುಪಾತ ಒಂದಕ್ಕೊಂದು ಇಲ್ಲದಿದ್ದರೆ, ಸ್ಪಿಂಡಲ್ ಮೇಲೆಯೇ ಸುತ್ತಿಗೊಮ್ಮೆ ಸೂಚನೆ ಕೊಡುವ ಸೆನ್ಸರ್ ಕೂಡ ಬೇಕಾಗುತ್ತದೆ. ಟಾರ್ಮಾಕ್ ಮಾದರಿಯ ನೇರ ಶ್ಯಾಂಕ್ ಹೋಲ್ಡರ್‌ಗಳಿಗೆ ಕೀ ಇಲ್ಲ, ಆದ್ದರಿಂದ ಈ ತಾಪತ್ರಯವೂ ಇಲ್ಲ. ಹಗುರ ಮೆಷಿನ್‌ನವರು ಆ ವ್ಯವಸ್ಥೆಯನ್ನು ಮೆಚ್ಚಲು ಇದೂ ಒಂದು ಕಾರಣ.

ಟೇಪರ್ ಒರೆಸುವ ಬಟ್ಟೆಯ ಕೆಲಸವನ್ನು ಗಾಳಿ ವಹಿಸಿಕೊಳ್ಳುತ್ತದೆ. ಟೂಲ್ ಬಿಡುವ ಕ್ಷಣದಲ್ಲಿ ಡ್ರಾಬಾರ್ ನಡುವಿನ ರಂಧ್ರದಿಂದ ಗಾಳಿ ಬೀಸಿ ಚಿಪ್ಸ್ ಹೊರಗೆ ತಳ್ಳುತ್ತದೆ. ಒಂದೇ ಒಂದು ಚೂರು ಟೇಪರ್‌ನಲ್ಲಿ ಸಿಕ್ಕಿಕೊಂಡರೂ ಹೋಲ್ಡರ್ ವಾಲುತ್ತದೆ, ಟೂಲ್ ತುದಿ ಓಲಾಡುತ್ತದೆ, ಬೋರ್ ಅಳತೆ ಮೀರುತ್ತದೆ.

ವಾಲ್ವ್ ಆಯ್ಕೆಯಲ್ಲೂ ಎಚ್ಚರ ಬೇಕು. ಕರೆಂಟ್ ಹೋದಾಗ ಮ್ಯಾಗಜೀನ್ ಅರ್ಧ ದಾರಿಯಲ್ಲಿದ್ದರೆ ಅದು ತಾನಾಗಿ ದಿಕ್ಕು ಬದಲಿಸಿ ಹಿಂದೆ ಹಾರಬಾರದು. ಎರಡು ಕಾಯಿಲ್ ಇರುವ ಸೊಲೆನಾಯ್ಡ್ ವಾಲ್ವ್ ಕೊನೆಯ ಆಜ್ಞೆಯ ಸ್ಥಾನದಲ್ಲೇ ಉಳಿಯುವುದರಿಂದ ಮ್ಯಾಗಜೀನ್ ಚಲನೆಗೆ ಅದನ್ನೇ ಆರಿಸುತ್ತಾರೆ. ಡ್ರಾಬಾರ್ ವಿಷಯದಲ್ಲಿ ನಿಯಮ ಇನ್ನೂ ಕಟ್ಟುನಿಟ್ಟು. ಕರೆಂಟ್ ಹೋಗಲಿ, ಗಾಳಿ ಹೋಗಲಿ, ಸ್ಪ್ರಿಂಗ್ ಟೂಲನ್ನು ಹಿಡಿದೇ ಇರಬೇಕು. ಸ್ಪಿಂಡಲ್ ತಿರುಗುತ್ತಿರುವಾಗ ಯಾವ ಬಟನ್ ಒತ್ತಿದರೂ ಟೂಲ್ ಬಿಡಬಾರದು. ಈ ತಡೆಯನ್ನು ಪ್ರೋಗ್ರಾಂನಲ್ಲಿ ಬರೆದರೆ ಸಾಲದು, ರಿಲೇ ಮಟ್ಟದಲ್ಲೂ ಇರಲಿ ಎನ್ನುತ್ತಾರೆ ಕೆಲಸ ಬಲ್ಲವರು. ಬಾಗಿಲು ತೆರೆದಿದ್ದರೆ ಮ್ಯಾಗಜೀನ್ ಅಲ್ಲಾಡಬಾರದು. ಎರಡು ಹೋಲ್ಡರ್‌ಗಳ ನಡುವೆ ಬೆರಳು ಸಿಕ್ಕಿದರೆ ಆ ಚಕ್ರಕ್ಕೆ ಅದು ತಿಳಿಯುವುದಿಲ್ಲ.

ಕೇಳು, ಮಾಡು, ಖಚಿತಪಡಿಸು

ಯಂತ್ರಭಾಗ ಮುಗಿದ ಮೇಲೆ ಉಳಿಯುವುದು ಕಂಟ್ರೋಲರ್. ‘ಟಿ5 ಎಂ6’ ಎಂದು ಪ್ರೋಗ್ರಾಂನಲ್ಲಿ ಬರೆದಾಗ ಐದನೇ ಟೂಲ್ ಬರಬೇಕು. ಛತ್ರಿ ಮಾದರಿಯಲ್ಲಿ ಇದರ ಹಿಂದೆ ನಡೆಯುವ ಸರಣಿ ಸರಿಸುಮಾರು ಹೀಗಿದೆ. ಸ್ಪಿಂಡಲ್ ಮತ್ತು ಕೂಲೆಂಟ್ ನಿಲ್ಲುತ್ತವೆ, ಝಡ್ ಅಕ್ಷ ಟೂಲ್ ಬದಲಿಸುವ ಎತ್ತರಕ್ಕೆ ಹೋಗುತ್ತದೆ, ಸ್ಪಿಂಡಲ್ ಕೋನ ಹಿಡಿಯುತ್ತದೆ, ಖಾಲಿ ಪಾಕೆಟ್ ಒಳಗೆ ಬಂದು ಹೋಲ್ಡರ್ ಕೊರಳನ್ನು ಹಿಡಿಯುತ್ತದೆ, ಡ್ರಾಬಾರ್ ಬಿಡುತ್ತದೆ, ಹೆಡ್ ಮೇಲೇರುತ್ತದೆ, ಚಕ್ರ ತಿರುಗಿ ಐದನೇ ಪಾಕೆಟ್ ತರುತ್ತದೆ, ಹೆಡ್ ಇಳಿಯುತ್ತದೆ, ಡ್ರಾಬಾರ್ ಹಿಡಿಯುತ್ತದೆ, ಚಕ್ರ ಹಿಂದೆ ಸರಿಯುತ್ತದೆ. ಪ್ರತಿ ಹೆಜ್ಜೆಯ ಕೊನೆಯಲ್ಲೂ ಸೆನ್ಸರ್ ‘ಆಯಿತು’ ಎನ್ನಬೇಕು. ಗೊತ್ತುಮಾಡಿದ ಹೊತ್ತಿನೊಳಗೆ ಹೇಳದಿದ್ದರೆ ಅಲಾರಂ ಕೊಟ್ಟು ನಿಲ್ಲಬೇಕು. ಎರಡು ಸೆಕೆಂಡ್ ಕಾದು ಆಗಿರಬಹುದು ಎಂದು ಮುಂದುವರಿಯುವ ಪ್ರೋಗ್ರಾಂ ಎಂದಾದರೂ ಒಂದು ದಿನ ಮೆಷಿನ್ ಮುರಿಯುತ್ತದೆ.

ಫ್ಯಾನಕ್ ಕಂಟ್ರೋಲರ್‌ಗಳಲ್ಲಿ ಈ ಸರಣಿಯನ್ನು ಲ್ಯಾಡರ್ (ಇನ್‌ಪುಟ್ ಔಟ್‌ಪುಟ್‌ಗಳ ತರ್ಕ ಬರೆಯುವ ಪ್ರೋಗ್ರಾಂ) ಮತ್ತು 9000 ಸರಣಿಯ ಮ್ಯಾಕ್ರೋ ಪ್ರೋಗ್ರಾಂಗಳ ನಡುವೆ ಹಂಚುತ್ತಾರೆ. ಲ್ಯಾಡರ್ ತಿದ್ದುವ ಅವಕಾಶ, ಮ್ಯಾಕ್ರೋ ಆಯ್ಕೆ ಎರಡೂ ಆ ಮೆಷಿನ್‌ನಲ್ಲಿ ತೆರೆದಿವೆಯೇ ಎಂದು ಮೊದಲೇ ನೋಡಬೇಕು. ಮುಕ್ತ ತಂತ್ರಾಂಶದ ಕಡೆಗೆ ಹೋಗುವವರ ಪಾಲಿಗೆ ಲಿನಕ್ಸ್‌ಸಿಎನ್‌ಸಿ ಇದೆ. ಅದರ ಹುಟ್ಟಿನ ಕಥೆಯೂ ಒಂದು ರೆಟ್ರೋಫಿಟ್ ಕಥೆಯೇ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 1990ರ ದಶಕದಲ್ಲಿ ಇಎಂಸಿ ಹೆಸರಿನಲ್ಲಿ ಒಂದು ಕಂಟ್ರೋಲರ್ ರೂಪಿಸಿತು. ಅದನ್ನು ಮಿಷಿಗನ್‌ನ ಪಾಂಟಿಯಾಕ್‌ನಲ್ಲಿದ್ದ ಜನರಲ್ ಮೋಟಾರ್ಸ್ ಘಟಕದಲ್ಲಿ ಹಳೆಯ ನಿಯಂತ್ರಣ ತೆಗೆದು ಕೂರಿಸಿದ್ದು ಒಂದು ಕೀರ್ನಿ ಅಂಡ್ ಟ್ರೆಕರ್ ಮೆಷಿನಿಂಗ್ ಸೆಂಟರ್ ಮೇಲೆ. ಸರ್ಕಾರಿ ಕೆಲಸವಾದ್ದರಿಂದ ಅದರ ಸಂಕೇತ ಸಾರ್ವಜನಿಕರ ಸೊತ್ತಾಯಿತು, ಆಮೇಲೆ ಸ್ವಯಂಸೇವಕರು ಅದನ್ನು ಬೆಳೆಸಿದರು.

ಲಿನಕ್ಸ್‌ಸಿಎನ್‌ಸಿಯಲ್ಲಿ ಟೂಲ್ ಬದಲಾವಣೆ ಎರಡು ಸಂಕೇತಗಳ ಕೊಡುಕೊಳ್ಳುವಿಕೆ. ‘ಬದಲಿಸು’ ಎಂಬ ಸಂಕೇತವನ್ನು ಕಂಟ್ರೋಲರ್ ಏರಿಸುತ್ತದೆ. ‘ಬದಲಿಸಿದೆ’ ಎಂಬ ಸಂಕೇತ ಮರಳಿ ಬರುವವರೆಗೆ ಪ್ರೋಗ್ರಾಂ ಮುಂದಕ್ಕೆ ಹೋಗುವುದಿಲ್ಲ. ಆ ಮರುಸಂಕೇತವನ್ನು ಕೊಡುವುದು ಮನುಷ್ಯ ಒತ್ತುವ ಬಟನ್ ಆಗಿರಬಹುದು, ಪೂರ್ತಿ ಸ್ವಯಂಚಾಲಿತ ಮ್ಯಾಗಜೀನ್ ಆಗಿರಬಹುದು. ಬಿಡಿಬಿಡಿಯಾಗಿ ಪರೀಕ್ಷಿಸುತ್ತ ಮುಂದೆ ಹೋಗುವವರಿಗೆ ಇದು ದೊಡ್ಡ ಅನುಕೂಲ.

ಆರ್ಮ್ ಮಾದರಿಯಲ್ಲಿ ಇನ್ನೊಂದು ವಿಷಯ ನೆನಪಿಡಬೇಕು. ತೋಳು ಹಳೆಯ ಟೂಲನ್ನು ಹೊಸದರ ಪಾಕೆಟ್‌ಗೇ ಹಾಕುವುದರಿಂದ ಟೂಲ್‌ಗಳ ಜಾಗ ಪ್ರತಿ ಸಲವೂ ಬದಲಾಗುತ್ತದೆ. ಯಾವ ಪಾಕೆಟ್‌ನಲ್ಲಿ ಯಾವ ಟೂಲ್ ಎಂಬ ಪಟ್ಟಿ ಕಂಟ್ರೋಲರ್‌ನ ನೆನಪಿನಲ್ಲಿರುತ್ತದೆ. ಬದಲಾವಣೆಯ ನಟ್ಟನಡುವೆ ಕರೆಂಟ್ ಹೋದರೆ ಪಟ್ಟಿಗೂ ವಾಸ್ತವಕ್ಕೂ ತಾಳೆಯಾಗದಿರಬಹುದು. ಅಂಥ ಹೊತ್ತಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಹಿಂದೆ ತರುವ ಕ್ರಮವನ್ನು ಮೊದಲೇ ಬರೆದಿಟ್ಟಿರಬೇಕು.

ನೆರವು ಎಲ್ಲೆಲ್ಲಿದೆ

ಈ ವಿಷಯದಲ್ಲಿ ಬೆಂಗಳೂರಿನ ಅದೃಷ್ಟ ದೊಡ್ಡದು. 1953ರಲ್ಲಿ ಸ್ವಿಟ್ಜರ್ಲೆಂಡ್‌ನ ಓರ್ಲಿಕಾನ್ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ತಲೆಯೆತ್ತಿತು. 1961ರಲ್ಲಿ ಜರ್ಮನಿಯ ಫ್ರಿಟ್ಜ್ ವರ್ನರ್ ಜೊತೆಗೂಡಿ ಬಿಎಫ್‌ಡಬ್ಲ್ಯು ಮಿಲ್ಲಿಂಗ್ ಮೆಷಿನ್‌ಗಳ ತಯಾರಿಕೆಗೆ ಬಂತು. 1962ರಲ್ಲಿ ಅಂದಿನ ಜೆಕೊಸ್ಲೊವಾಕಿಯಾದ ನೆರವಿನಿಂದ ತುಮಕೂರು ರಸ್ತೆಯಲ್ಲಿ ಕೇಂದ್ರೀಯ ಮೆಷಿನ್ ಟೂಲ್ ಸಂಸ್ಥೆ ಶುರುವಾಯಿತು. ಇಂದು ಎಲ್ಲರೂ ಸಿಎಂಟಿಐ ಎನ್ನುವುದು ಅದಕ್ಕೇ. 1970ರ ದಶಕದಲ್ಲಿ ಡೆನ್ಮಾರ್ಕ್ ಸಹಾಯದೊಂದಿಗೆ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಸೇರಿಕೊಂಡಿತು. ಅದೇ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿತು. ಟರೆಟ್ ಮತ್ತು ಎಟಿಸಿಗಳನ್ನೇ ತಯಾರಿಸುವ ಪ್ರಗತಿ ಆಟೊಮೇಷನ್‌ನಂಥ ಕಂಪನಿ ಇರುವುದೂ ಇದೇ ಊರಿನಲ್ಲಿ.

ಆದ್ದರಿಂದ ಇಲ್ಲಿ ತಿಳಿದವರಿಗೆ ಕೊರತೆಯಿಲ್ಲ. ಕೊರತೆ ಇರುವುದು ಅವರನ್ನು ಒಂದೆಡೆ ತರುವುದರಲ್ಲಿ. ಸ್ಪಿಂಡಲ್ ರಿಪೇರಿ ಮಾಡುವವರಿಗೆ ಬೇರಿಂಗ್, ಟೇಪರ್, ಡಿಸ್ಕ್ ಸ್ಪ್ರಿಂಗ್ ಅಂಗೈ ರೇಖೆಯಷ್ಟು ಪರಿಚಿತ, ಲ್ಯಾಡರ್ ಅವರ ಕ್ಷೇತ್ರವಲ್ಲ. ಕಂಟ್ರೋಲರ್ ಸರ್ವಿಸ್‌ನವರು ಎಂ6 ಸರಣಿಯನ್ನು ಸರಾಗವಾಗಿ ಬರೆದುಕೊಡುತ್ತಾರೆ, ಆದರೆ ತೇಲುವ ಸಿಲಿಂಡರ್‌ನ ಬ್ರಾಕೆಟ್ ಎಷ್ಟು ದಪ್ಪ ಇರಬೇಕೆಂದು ಹೇಳುವುದಿಲ್ಲ. ನ್ಯುಮ್ಯಾಟಿಕ್ಸ್ ಅಂಗಡಿಯವರಿಗೆ ಬೋರ್, ಸ್ಟ್ರೋಕ್ ಹೇಳಿದರೆ ಸರಿಯಾದ ಸಿಲಿಂಡರ್ ಕೊಡುತ್ತಾರೆ, ಆ ಎರಡು ಅಂಕಿಗಳನ್ನು ಲೆಕ್ಕ ಹಾಕಿ ತರುವ ಹೊಣೆ ಕೇಳುವವರದು. ಹೊಸ ಮ್ಯಾಗಜೀನ್‌ಗಳನ್ನು ಕಣ್ಣಾರೆ ಕಂಡು ಮುಟ್ಟಿ ನೋಡಬೇಕೆಂದರೆ ಮಾದಾವರದ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್ ಇದೆ. ಅದರ ಲೋಹ ಕತ್ತರಿಸುವ ಮೆಷಿನ್‌ಗಳ ಪ್ರದರ್ಶನ ಎರಡು ವರ್ಷಕ್ಕೊಮ್ಮೆ ಬರುತ್ತದೆ.

ಇವರಲ್ಲಿ ಯಾರ ಬಳಿಗೆ ಹೋದರೂ ಕೈಯಲ್ಲಿ ಒಂದು ಹಾಳೆ ಇರಬೇಕು. ಅದರಲ್ಲಿ ಸ್ಪಿಂಡಲ್ ಟೇಪರ್, ಡ್ರಾಬಾರ್‌ನ ಥ್ರೆಡ್ ಅಥವಾ ಪುಲ್ ಸ್ಟಡ್‌ನ ಕೋನ ಬರೆದಿರಲಿ. ಪುಲ್ ಸ್ಟಡ್‌ಗಳಲ್ಲಿ 45, 60, 90 ಡಿಗ್ರಿಯವು ನೋಡಲು ಒಂದೇ ಥರ ಕಾಣುತ್ತವೆ. ತಪ್ಪು ಕೋನದ ಸ್ಟಡ್ಡನ್ನು ಗ್ರಿಪ್ಪರ್ ಅರೆಬರೆ ಹಿಡಿದು ಕಟ್ ನಡುವೆ ಬಿಟ್ಟುಬಿಡಬಹುದು. ಝಡ್ ಅಕ್ಷದ ಪೂರ್ತಿ ಚಲನೆ, ವೈಸ್ ಎತ್ತರ, ಬಳಸುವ ಅತಿ ಉದ್ದದ ಟೂಲ್ ಮೂರನ್ನೂ ಅಳೆದು ಬರೆಯಬೇಕು. ಸ್ಪಿಂಡಲ್ ಅಡಿಗೆ ಬರುವ ಚಕ್ರ ಝಡ್ ಚಲನೆಯ ಒಂದು ಪಾಲನ್ನು ನುಂಗುತ್ತದೆ, ಉಳಿದದ್ದರಲ್ಲಿ ಜಾಬ್ ಹಿಡಿಸದಿದ್ದರೆ ರೆಟ್ರೋಫಿಟ್‌ಗೆ ಅರ್ಥವಿಲ್ಲ. ಅತಿ ಭಾರದ ಟೂಲ್ ಎಷ್ಟು ಕಿಲೋ ಎಂಬುದೂ ಬೇಕು. ಬಿಟಿ-40 ಮ್ಯಾಗಜೀನ್‌ಗಳು ಸಾಮಾನ್ಯವಾಗಿ ಒಂದು ಟೂಲ್‌ಗೆ ಏಳೆಂಟು ಕಿಲೋವರೆಗೆ ತಾಳುತ್ತವೆ. ಕಂಟ್ರೋಲರ್ ಹೆಸರು, ಮಾದರಿ, ಖಾಲಿ ಇರುವ ಇನ್‌ಪುಟ್ ಔಟ್‌ಪುಟ್‌ಗಳ ಎಣಿಕೆ, ಮೆಷಿನ್ ಬುಡದಲ್ಲಿ ಅಳೆದ ಗಾಳಿಯ ಒತ್ತಡ ಇವೂ ಸೇರಿದರೆ ಹಾಳೆ ತುಂಬಿತು. ಇಷ್ಟು ಕೈಯಲ್ಲಿದ್ದರೆ ಹತ್ತು ನಿಮಿಷದ ಮಾತಿನಲ್ಲಿ ಆಗುತ್ತದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ.

ಹಾಳೆ ನೋಡಿದ ಕೆಲವು ಹಿರಿಯ ಮೆಕ್ಯಾನಿಕ್‌ಗಳು ಮ್ಯಾಗಜೀನ್ ಬೇಡ, ಮೊದಲು ಪವರ್ ಡ್ರಾಬಾರ್ ಮಾತ್ರ ಹಾಕಿಸಿ ಎನ್ನುವುದುಂಟು. ಅದು ನಿಜಕ್ಕೂ ಒಳ್ಳೆಯ ಸಲಹೆ. ಬಟನ್ ಒತ್ತಿದರೆ ಟೂಲ್ ಕೈಗೆ ಬರುತ್ತದೆ, ಇನ್ನೊಂದನ್ನು ಏರಿಸಿದರೆ ಹಿಡಿದುಕೊಳ್ಳುತ್ತದೆ. ಪ್ರತಿ ಟೂಲೂ ತನ್ನದೇ ಹೋಲ್ಡರ್‌ನಲ್ಲಿ ಕಾಯಂ ಕೂತಿದ್ದು, ಅದರ ಉದ್ದ ಅಳೆದು ಆಫ್‌ಸೆಟ್ ಪಟ್ಟಿಗೆ ಸೇರಿಸಿದ್ದರೆ ಝಡ್ ಮತ್ತೆ ಹೊಂದಿಸಬೇಕಾಗಿಲ್ಲ. ಆರಂಭದ ಲೆಕ್ಕದ ಒಂದೂವರೆ ನಿಮಿಷ ಹದಿನೈದು ಸೆಕೆಂಡ್‌ಗೆ ಇಳಿದರೆ ಮುನ್ನೂರು ಬದಲಾವಣೆಗೆ ಒಂದೂಕಾಲು ಗಂಟೆ ಸಾಕು. ಸ್ಪಿಂಡಲ್ ಒಳಗಿನ ಕಷ್ಟದ ಕೆಲಸವೆಲ್ಲ ಈ ಹಂತದಲ್ಲೇ ಮುಗಿದಿರುತ್ತದೆ. ಹಣ ಕೂಡಿದಾಗ ಮ್ಯಾಗಜೀನ್ ಜೋಡಿಸಬಹುದು.

ಹಸ್ತಾಂತರದ ದಿನ

ಜೋಡಣೆ ಮುಗಿದ ಮೇಲೆ ಮೆಷಿನ್ ಮೊದಲು ಓಡಬೇಕಾದ್ದು ಟೂಲ್ ಇಲ್ಲದೆ, ಗಾಳಿಯ ವೇಗ ತಗ್ಗಿಸಿ, ಒಂದೊಂದೇ ಹೆಜ್ಜೆ. ಆಮೇಲೆ ಖಾಲಿ ಹೋಲ್ಡರ್‌ಗಳು, ಆಮೇಲೆ ಅತಿ ಭಾರದ ಟೂಲ್, ಆಮೇಲೆ ಬೇಕೆಂದೇ ಮಾಡುವ ಅಡ್ಡಿಗಳು. ಬದಲಾವಣೆಯ ನಡುವೆ ಗಾಳಿಯ ಕೊಳವೆ ಮುಚ್ಚಿ ನೋಡಬೇಕು, ಒಂದು ಸೆನ್ಸರ್ ತಂತಿ ಕಳಚಿ ನೋಡಬೇಕು, ಎಮರ್ಜೆನ್ಸಿ ಬಟನ್ ಒತ್ತಿ ನೋಡಬೇಕು. ಮೆಷಿನ್ ಪ್ರತಿ ಸಲವೂ ನಿಂತು, ಯಾಕೆ ನಿಂತೆ ಎಂದು ಪರದೆಯ ಮೇಲೆ ಹೇಳಬೇಕು. ಡ್ರಾಬಾರ್ ಬಲವನ್ನು ಗೇಜ್ ಇಟ್ಟು ಅಳೆದು ಬರೆದಿಟ್ಟುಕೊಂಡರೆ, ಮುಂದೆ ಒಂದೆರಡು ಡಿಸ್ಕ್ ಸ್ಪ್ರಿಂಗ್ ಮುರಿದಾಗ ಅಂಕಿ ಇಳಿದದ್ದರಿಂದಲೇ ಗೊತ್ತಾಗುತ್ತದೆ.

ಟೂಲ್ ಬದಲಿಸುತ್ತಿದ್ದ ಆಪರೇಟರ್‌ಗೆ ಈಗ ಬೇರೆ ಕೆಲಸ ಬರುತ್ತದೆ. ಹೋಲ್ಡರ್‌ಗಳಿಗೆ ಟೂಲ್ ಕಟ್ಟಿ ಉದ್ದ ಅಳೆಯುವುದು, ಸವೆದದ್ದನ್ನು ಗುರುತಿಸಿ ಆಫ್‌ಸೆಟ್ ತಿದ್ದುವುದು, ಮೊದಲ ತುಂಡನ್ನು ಪರೀಕ್ಷಿಸಿ ಮುಂದಿನದಕ್ಕೆ ಒಪ್ಪಿಗೆ ಕೊಡುವುದು. ಜೋಡಣೆ ನಡೆಯುವಾಗ ಅವನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡ ಶೆಡ್‌ಗಳಲ್ಲಿ ಸಣ್ಣಪುಟ್ಟ ಅಲಾರಂಗಳಿಗೆ ಹೊರಗಿನವರನ್ನು ಕರೆಯುವ ಪ್ರಮೇಯ ಕಡಿಮೆ. ಯಾವ ಸೆನ್ಸರ್ ಏನು ನೋಡುತ್ತಿದೆ ಎಂದು ಅವನಿಗೆ ತಿಳಿದಿರುತ್ತದೆ.

ರೆಟ್ರೋಫಿಟ್ ಮಾಡಿದವರಿಗೆ ಕೊನೆಯ ಕಂತು ಕೊಡುವ ಮುನ್ನ ಕೇಳಿ ಪಡೆಯಬೇಕಾದ ಕಾಗದಗಳಿವೆ. ಯಾವ ಇನ್‌ಪುಟ್‌ಗೆ ಯಾವ ಸೆನ್ಸರ್ ಎಂಬ ಪಟ್ಟಿ, ತಂತಿ ಸಂಖ್ಯೆ ಹಾಕಿದ ವಿದ್ಯುತ್ ನಕ್ಷೆ, ಗಾಳಿ ಕೊಳವೆಗಳ ನಕ್ಷೆ, ಡಿಸ್ಕ್ ಸ್ಪ್ರಿಂಗ್‌ಗಳ ಅಳತೆ ಮತ್ತು ಅವನ್ನು ಪೇರಿಸಿದ ಕ್ರಮ, ಲ್ಯಾಡರ್ ಮತ್ತು ಮ್ಯಾಕ್ರೋಗಳ ಪ್ರತಿ, ಬದಲಾವಣೆ ನಡುವೆ ನಿಂತರೆ ಹಿಂದೆ ತರುವ ಕ್ರಮ. ಹಳೆಯ ಕಂಟ್ರೋಲರ್‌ಗಳಲ್ಲಿ ಪ್ಯಾರಾಮೀಟರ್‌ಗಳು ಉಳಿದಿರುವುದು ಒಂದು ಸಣ್ಣ ಬ್ಯಾಟರಿಯ ಬಲದಿಂದ. ಅದು ಸತ್ತರೆ ಎಟಿಸಿಗಾಗಿ ಹೊಂದಿಸಿದ್ದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಪ್ಯಾರಾಮೀಟರ್‌ಗಳ ಎರಡು ಪ್ರತಿ ತೆಗೆಸಿ ಒಂದನ್ನು ಮೆಷಿನ್‌ನ ವಿದ್ಯುತ್ ಕಪಾಟಿನಲ್ಲಿ, ಇನ್ನೊಂದನ್ನು ಕಚೇರಿಯಲ್ಲಿ ಇಟ್ಟು, ಬ್ಯಾಟರಿ ಹಾಕಿದ ತಾರೀಖನ್ನು ಕಪಾಟಿನ ಬಾಗಿಲ ಮೇಲೆ ಬರೆಯಿಸಬೇಕು.